ಮುಂದಿನ ಹಾಡಿಗೆ ಮುಂದಿನ ಹಲ್ಲು

ಜನವರಿ 9, ಗುರುವಾರ

ಹನ್ನೊಂದು ಹಲ್ಲುಸೆಟ್ಟು ಇವತ್ತು. ಏಳು ಮೇಲಿನವು, ನಾಲ್ಕು ಕೆಳಗಿನವು. ಒಬ್ಬ ಡಾಕ್ಟರು ಕಳಿಸಿದ ಅಚ್ಚಿನ ತುಂಬ ಗಾಳಿಗುಳ್ಳೆ. ವಾಪಸು ಕಳಿಸಿದೆ. ಸಂಜೆಗೆ ಉಗುರಿನ ಸಂದಿಯಲ್ಲೆಲ್ಲ ವಸಡು ಮಾಡುವ ಗುಲಾಬಿ ಪುಡಿ, ಬ್ರಷ್ ಹಾಕಿ ತಿಕ್ಕಿದರೂ ಹೋಗಲಿಲ್ಲ. ಇಪ್ಪತ್ತಾರು ವರ್ಷದಿಂದ ಕಂಡವರ ಬಾಯಿಗೆಲ್ಲ ಹಲ್ಲು ಮಾಡುತ್ತಿದ್ದೇನೆ. ನನ್ನವೇ ಎರಡು ದವಡೆ ಹಲ್ಲು ಹೋಗಿ ಮೂರು ವರ್ಷ. ಇನ್ನೂ ಹಾಕಿಸಿಕೊಂಡಿಲ್ಲ.

"ದೀಪದ ಬುಡದಲ್ಲೇ ಕತ್ತಲೆ ಕಣೇ," ಅಂದಳು ಮೇಣದಕ್ಕ. ಲ್ಯಾಬಿನಲ್ಲಿ ಮೇಣ ತಿದ್ದುವ ಟೇಬಲ್ಲು ಅವಳದು, ಅದಕ್ಕೇ ಆ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಇವರಿಗೆ ಬೆಳಗಿನ ಡ್ಯೂಟಿ. ನಾನು ಬಂದಾಗ ನಾಳೆಯ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದರು. ಕಿವಿಯಲ್ಲಿ ವೈರು, ಎದೆಜೇಬಿನಲ್ಲಿ ಹಾಡಿನ ಡಬ್ಬಿ. ಬಲಗೈ ಇಸ್ತ್ರಿಪೆಟ್ಟಿಗೆಯ ಮೇಲೆ. ಎಡಗೈ ಹೆಬ್ಬೆರಳು ಜೇಬಿನ ಬಟ್ಟೆಯ ಮೇಲಿಂದಲೇ ಟಕ್ ಅಂತ ಒತ್ತಿತು — ಹಾಡು ಬದಲಾಯಿತು. ಕಣ್ಣು ಕೆಳಗಿಳಿಸಲೂ ಇಲ್ಲ. ಬಸ್ ಡ್ರೈವರ್ ಕೈ. ಗೇರು ಹಾಕುವವರು ಗೇರು ನೋಡುತ್ತಾರೆಯೇ?

ಜನವರಿ 12, ಭಾನುವಾರ

ಮಾಡಬಾರದ್ದು ಮಾಡಿದೆ.

ಇವರ ಅಂಗಿ ಮೆಷಿನ್ನಿಗೆ ಹಾಕುವಾಗ ಜೇಬು ತಡವಲಿಲ್ಲ. ಒಳಗೆ ಟಕಟಕ ಸದ್ದು. ಗುಂಡಿ ಕಿತ್ತುಬಂದಿರಬೇಕು ಅಂದುಕೊಂಡೆ. ಗುಂಡಿಯೇ. ಆದರೆ ಅಂಗಿಯದಲ್ಲ.

ಬೆಂಕಿಪೊಟ್ಟಣದಷ್ಟು ಡಬ್ಬಿ. ಐದು ಗುಂಡಿ. ನಡುವಿನದರ ಬಣ್ಣ ಸವೆದು ಕಲ್ಲಿನಂತೆ ನುಣುಪಾಗಿತ್ತು. ಮಗಳು ಶಾಲೆ ಸೇರಿದ ವರ್ಷ ತಂದದ್ದು, ಹದಿನಾಲ್ಕು ವರ್ಷ ಆಯಿತು. ಒರೆಸಿದೆ, ಫ್ಯಾನಿನ ಕೆಳಗಿಟ್ಟೆ, ಬಿಸಿಲಿಗಿಟ್ಟೆ. ಒತ್ತಿದರೆ ಗುಂಡಿ ಒಳಗೆ ಹೋಗುತ್ತದೆ, ವಾಪಸು ಬರುವುದಿಲ್ಲ.

ಬೈಯುತ್ತಾರೆ ಅಂತ ಕಾದೆ. "ಹೋಗ್ಲಿ ಬಿಡು. ಅದಕ್ಕೂ ವಯಸ್ಸಾಗಿತ್ತು," ಅಂದರು. ಬೈದಿದ್ದರೆ ವಾಸಿಯಿತ್ತು. ಊಟ ಮಾಡುವಾಗ ಹೆಬ್ಬೆರಳು ಎರಡು ಸಲ ಖಾಲಿ ಜೇಬಿನ ಮೇಲೆ ಹೋಯಿತು. ಅವರಿಗೆ ಗೊತ್ತಿಲ್ಲ.

ಜನವರಿ 18, ಶನಿವಾರ

ಅರ್ಧ ದಿನ ರಜೆ ಹಾಕಿ ಅಂಗಡಿಗೆ ಹೋದೆ. ಗುಂಡಿ ಇರುವುದು ಕೊಡಮ್ಮ ಅಂದೆ.

ಕೌಂಟರಿನ ಹುಡುಗಿ ನಕ್ಕಳು. "ಆಂಟಿ, ಗುಂಡಿ ಈಗ ಅಂಗಿ ಮೇಲೆ ಮಾತ್ರ ಇರೋದು. ಇದೆಲ್ಲ ಟಚ್."

ನಾಲ್ಕು ಅಂಗಡಿ ಸುತ್ತಿದೆ. ಎಲ್ಲ ಕಡೆ ಅದೇ. ಕಪ್ಪು ಗಾಜಿನ ತುಂಡುಗಳು, ಒಂದಕ್ಕಿಂತ ಒಂದು ತೆಳು. ಕೊನೆಗೆ ಅವುಗಳಲ್ಲೇ ಚಂದದ್ದು ಒಂದು ಆರಿಸಿದೆ. ಹಾಡಿನ ಚಿತ್ರ ಬರುತ್ತದೆ, ಹೆಸರು ಬರುತ್ತದೆ, ಹಾಡಿದವರ ಹೆಸರು ಬರುತ್ತದೆ. ಇಷ್ಟೆಲ್ಲ ಇವರ ಹಳೆಯ ಡಬ್ಬಿಯಲ್ಲಿ ಎಲ್ಲಿತ್ತು. ಖುಷಿಯಾಗಬಹುದು.

ಜನವರಿ 19, ಭಾನುವಾರ

ಚಿಗರಿ ಹಾಸ್ಟೆಲಿನಿಂದ ಬಂದಿದ್ದಳು. ಮಗಳಿಗೆ ಆ ಅಡ್ಡಹೆಸರು ಇಟ್ಟವರು ಇವರೇ — ಎರಡನೇ ವರ್ಷಕ್ಕೇ ಜಿಂಕೆಯ ಹಾಗೆ ಮೆಟ್ಟಿಲು ಹಾರಿ ಹಾರಿ ಇಳಿಯುತ್ತಿದ್ದಳು. ಕಂಪ್ಯೂಟರಿನಿಂದ ಇವರ ಹಾಡೆಲ್ಲ ಹೊಸದಕ್ಕೆ ತುಂಬಿ ಕೈಗೆ ಕೊಟ್ಟಳು.

ತಿರುಗಿಸಿ ತಿರುಗಿಸಿ ಸವರಿದರು. "ಎಲ್ಲಿ ಒತ್ತೋದು?"

"ಒತ್ತೋದಲ್ಲ ಅಪ್ಪ, ಮುಟ್ಟೋದು."

"ಎಲ್ಲಿ ಮುಟ್ಟೋದು?"

"ಕಾಣಿಸ್ತಿದೆಯಲ್ಲ, ಅಲ್ಲಿ."

"ನಿಮ್ಮಮ್ಮನ ಕೈ ಮೊದಲ್ನೇ ಸಲ ಹಿಡಿಯೋವಾಗ್ಲೂ ಇಷ್ಟು ಹೆದರಿರ್ಲಿಲ್ಲ," ಅಂದರು. ಚಿಗರಿ ಬಿದ್ದು ಬಿದ್ದು ನಕ್ಕಳು. ಅವಳೇ ಬೆರಳು ಹಿಡಿದು ತೋರಿಸಿದಳು — ಶುರು ಮಾಡಲು ಕೆಳಗೆ ನಡುವೆ, ಮುಂದಿನದಕ್ಕೆ ಬಲಕ್ಕೆ. ಇಪ್ಪತ್ತು ಸಲ ಮಾಡಿಸಿದಳೋ ಏನೋ. ಇವರು ಡಿಪೋ ಗೇಟಿನ ಮುಂದೆ ಮೊದಲ ಸಲ ಬಸ್ಸು ತಿರುಗಿಸುವವರ ಹಾಗೆ ಬೆವರಿದರು.

ಜನವರಿ 27, ಸೋಮವಾರ

ಹೊಸ ಅಭ್ಯಾಸ. ಸಂಜೆ ಟೀ ಆದ ಮೇಲೆ ಅದನ್ನು ನನ್ನ ಕೈಗೆ ಕೊಡುತ್ತಾರೆ. "ನೀನೇ ಹಚ್ಚು."

"ಯಾಕೆ, ನಿಮಗೆ ಬರಲ್ವಾ?"

"ನಿನ್ನ ಕೈಯಿಂದ ಶುರುವಾದ್ರೆ ಹಾಡು ಚೆನ್ನಾಗಿ ಕೇಳ್ಸುತ್ತೆ ಕಣೇ."

ಐವತ್ತು ಹತ್ತಿರ ಬಂದರೂ ಇಂಥ ಮಾತಿಗೆ ಕರಗುತ್ತೇನಲ್ಲ. ಒಂದು ವೈರು ಅವರ ಕಿವಿಗೆ, ಒಂದು ನನ್ನದಕ್ಕೆ.

ಮದುವೆಗೆ ಮುಂಚೆಯೂ ಹೀಗೇ. ಲ್ಯಾಬು ಇದ್ದದ್ದು ಇವರ ರೂಟಿನ ಕೊನೇ ಸ್ಟಾಪಿನಲ್ಲಿ. ನಾನು ಕೊನೇ ಪ್ಯಾಸೆಂಜರು. ಅಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ಇವರು ಬಾಗಿಲ ಮೆಟ್ಟಿಲ ಮೇಲೆ ಕೂತು ಇಟ್ಟಿಗೆಯಷ್ಟು ದಪ್ಪದ ಟೇಪಿನಲ್ಲಿ ಹಾಡು ಕೇಳುತ್ತಿದ್ದರು. ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಟೇಪು. ಒಂದು ದಿನ ರೀಲು ಸಿಕ್ಕಿಕೊಂಡು ಹೊರಗೆ ಬಂದಿತ್ತು, ಪೇಚಾಡುತ್ತಿದ್ದರು. ನನ್ನ ಚೀಲದಲ್ಲಿ ಮೇಣ ಕೆತ್ತುವ ಕಡ್ಡಿ ಇತ್ತು. ಅದರ ಹಿಡಿಯನ್ನು ಕ್ಯಾಸೆಟ್ಟಿನ ತೂತಿಗೆ ಹಾಕಿ ಸುತ್ತಿಕೊಟ್ಟೆ. ಸರಿಯಾಗಿದೆಯೋ ನೋಡಿ ಅಂದೆ. ಒಂದು ಕಿವಿಯ ಸ್ಪಂಜು ನನಗೆ ಕೊಟ್ಟರು.

ಆ ಟೇಪಿಗೂ ಐದೇ ಗುಂಡಿ. ಒತ್ತಿದರೆ ಟಕ್ ಅನ್ನುತ್ತಿತ್ತು, ಹಾಡು ಮುಗಿದರೆ ತಾನೇ ಟಕ್ ಅಂತ ಮೇಲೆ ಬರುತ್ತಿತ್ತು. ಇವರು ನನ್ನ ಮುಖ ನೋಡುತ್ತಲೇ ಗುಂಡಿ ಒತ್ತುತ್ತಿದ್ದರು. ತಪ್ಪುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ಇಷ್ಟವಾದದ್ದು ಆ ಹೆಬ್ಬೆರಳು. ಮನುಷ್ಯ ಆಮೇಲೆ.

ಫೆಬ್ರವರಿ 9, ಭಾನುವಾರ

ಬರೆಯದೆ ಎರಡು ವಾರ. ಲ್ಯಾಬಿನಲ್ಲಿ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ.

ಗುರುವಾರ ಊಟದ ಬಿಡುವಿನಲ್ಲಿ ಸರ್ಕಲ್ಲಿನ ಹತ್ತಿರ ನಿಂತಿದ್ದೆ. ಇವರ ಬಸ್ಸು ಸಿಗ್ನಲ್ಲಿಗೆ ನಿಂತಿತು. ಎದುರಿಗೇ ನಾನು. ಕೈ ಬೀಸಿದೆ. ನೋಡಲಿಲ್ಲ. ಇನ್ನೊಮ್ಮೆ ಬೀಸಿದೆ. ಪಕ್ಕದಲ್ಲಿದ್ದವರು ನನ್ನನ್ನೇ ನೋಡಿದರು. ಇವರು ಮಾತ್ರ ಇಲ್ಲ. ಗಾಜಿನ ಮೇಲೆ ಬಿಸಿಲು ಬಿದ್ದಿರಬೇಕು.

ಮನೆಯಲ್ಲಿ ಕೇಳಿದೆ. "ಡ್ಯೂಟಿಲಿದ್ದಾಗ ಹೆಂಡ್ತಿ ಮುಖ ನೋಡ್ಕೊಂಡು ಕೂತ್ರೆ ಮೆಮೋ ಕೊಡ್ತಾರೆ," ಅಂದರು.

ನಕ್ಕೆ. ಆದರೆ ಯಾಕೋ.

ಫೆಬ್ರವರಿ 16, ಭಾನುವಾರ, ಸಂಜೆ 5

ಪುಸ್ತಕ ತೆಗೆದು ಕೂತೆ. ಬರೆದರೆ ಸರಿಹೋಗಬಹುದು.

ಚಿಗರಿ ಬಂದವಳು ಪ್ಲೇಯರಿಗೆ ಏನೋ ಅಪ್‌ಡೇಟ್ ಹಾಕಿದಳು. ಚಿತ್ರಗಳೆಲ್ಲ ಹೊಸದಾದವು, ಜಾಗ ಬದಲಾದವು. ಹಾಡು ಶುರು ಮಾಡುವ ಗುರುತು ಮೇಲಕ್ಕೆ ಹೋಯಿತು. ಅದು ಇದ್ದ ಜಾಗಕ್ಕೆ ರೇಡಿಯೋ ಬಂತು.

ಇವರು ತೆಗೆದುಕೊಂಡರು. ಕೆಳಗೆ ನಡುವೆ ಮುಟ್ಟಿದರು. ಸಿಮೆಂಟಿನ ಜಾಹೀರಾತು ಮನೆ ತುಂಬ ಕಿರುಚಿತು. ಮತ್ತೆ ಅಲ್ಲೇ ಮುಟ್ಟಿದರು. ಇನ್ನೊಂದು ಸ್ಟೇಷನ್ನು. ಮತ್ತೆ. ಮತ್ತೆ.

"ಅಪ್ಪ, ಅಲ್ಲೇ ದೊಡ್ಡದಾಗಿ ಇದೆಯಲ್ಲ, ಮುಚ್ಚೋ ಗುರುತು. ಕೆಂಪಗೆ."

"ಎಲ್ಲಿ?"

"ನಿಮ್ಮ ಬೆರಳಿನ ಪಕ್ಕದಲ್ಲೇ!"

"ಕೆಟ್ಟೋಗಿದೆ ಇದು," ಅಂತ ಸೋಫಾದ ಮೇಲೆ ಎಸೆದು ಮುಖ ತೊಳೆಯಲು ಹೋದರು. ಚಿಗರಿ ಪೆಚ್ಚಾಗಿ, "ಅಪ್ಪಂಗೆ ಹೊಸದು ಅಂದ್ರೆ ಆಗಲ್ಲ," ಅಂದಳು.

ಅದಲ್ಲ ವಿಷಯ. ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಕಣ್ಣು ಪರದೆಯ ಮೇಲೆ ಇರಲೇ ಇಲ್ಲ. ಎಲ್ಲೋ ಆಚೆ, ಗೋಡೆಯ ಮೂಲೆಯ ಕಡೆಗಿತ್ತು. ಇಷ್ಟು ದಿನ ಅವರು ನೋಡಿ ಮುಟ್ಟುತ್ತಿರಲಿಲ್ಲ. ಹಳೆಯ ಗುಂಡಿಗಳ ಹಾಗೆ ಜಾಗವನ್ನು ಬಾಯಿಪಾಠ ಮಾಡಿಕೊಂಡಿದ್ದರು. ಅದಕ್ಕೇ ನನ್ನ ಕೈಗೆ ಕೊಡುತ್ತಿದ್ದದ್ದು. ನಿನ್ನ ಕೈಯಿಂದ ಶುರುವಾದರೆ ಅಂತ... ನಾನು ಕರಗಿದ್ದೆ.

ಫೆಬ್ರವರಿ 17, ಸೋಮವಾರ

ಇವತ್ತು ಮಾಡಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯ.

ಪ್ಲೇಯರ್ ಪೂರ್ತಿ ಆಫ್ ಮಾಡಿದೆ. ಕೈಗೆ ಕೊಟ್ಟು, "ನನ್ನ ಕನ್ನಡಕ ಲ್ಯಾಬಲ್ಲಿ ಬಿಟ್ಬಂದೆ ರೀ. ಯಾವ ಹಾಡಿನ ಹೆಸರು ಬಂದಿದೆ ಸ್ವಲ್ಪ ನೋಡಿ ಹೇಳಿ," ಅಂದೆ.

ಹತ್ತಿರ ಹಿಡಿದರು. ದೂರ ಹಿಡಿದರು. ಕತ್ತು ವಾರೆ ಮಾಡಿದರು. ಆಮೇಲೆ ನಗುಮುಖ ಮಾಡಿ, "ಅದೇ, ನಿನಗಿಷ್ಟದ್ದು... ದೋಣಿ ಹಾಡು," ಅಂದರು.

ಪರದೆ ಸ್ಲೇಟಿನಷ್ಟು ಕಪ್ಪಗಿತ್ತು.

"ಹೌದು ರೀ, ಅದೇ," ಅಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಫೆಬ್ರವರಿ 19, ಬುಧವಾರ

ಎರಡು ದಿನದಿಂದ ಬಾಯಿ ತೆರೆದಿಲ್ಲ. ಬೆಳಗ್ಗೆ ಟಿಫಿನ್ ಡಬ್ಬಿ ಕೈಗೆ ಕೊಡುತ್ತೇನೆ, ಇವರು ಹೋಗುತ್ತಾರೆ. ಬಸ್ಸು ತುಂಬ ಜನ. ನನಗೆ ಗೊತ್ತಿದೆ. ಗೊತ್ತಿದ್ದೂ ಡಬ್ಬಿ ಕೊಟ್ಟು ಕಳಿಸಿದೆ.

ಹೇಳಿದರೆ ಇವರ ಕೆಲಸ ಹೋಗುತ್ತದೆ. ಮೂವತ್ತು ವರ್ಷದ ಸ್ಟೇರಿಂಗು. ಅದಿಲ್ಲದೆ ಈ ಮನುಷ್ಯ ಯಾರು ಅಂತ ನನಗೂ ಗೊತ್ತಿಲ್ಲ.

ಹಲ್ಲು ಜೋಡಿಸುವಾಗ ಎರಡು ಸೆಟ್ಟಿನಲ್ಲಿ ಎಡಬಲ ಅದಲುಬದಲಾಯಿತು. ಮೇಣದಕ್ಕ ಏನೂ ಕೇಳಲಿಲ್ಲ. ಕಿತ್ತು ಸರಿಮಾಡಿ ನನ್ನ ಮುಂದೆ ಇಟ್ಟಳು. "ಒಳಗಿಟ್ಕೊಂಡ್ರೆ ಹಲ್ಲುನೋವು ಕಡಿಮೆ ಆಗುತ್ತಾ?" ಅಂದಳು, ಅಷ್ಟೇ.

ಫೆಬ್ರವರಿ 20, ಗುರುವಾರ

ಕೇಳಿಬಿಟ್ಟೆ. ಇವರು ಶೂ ಬಿಚ್ಚುತ್ತಿದ್ದರು.

"ಎಷ್ಟು ದಿನದಿಂದ ಕಾಣ್ತಿಲ್ಲ?"

ಲೇಸು ಹಿಡಿದ ಕೈ ಹಾಗೇ ನಿಂತಿತು. ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ.

"ಪೂರ್ತಿ ಕಾಣಲ್ಲ ಅಂತಲ್ಲ. ಸುತ್ತ ಎಲ್ಲಾ ಚೆನ್ನಾಗಿದೆ. ನಡುವೆ... ಯಾರೋ ಹೆಬ್ಬೆಟ್ಟು ಒತ್ತಿ ಉಜ್ಜಿದ ಹಾಗೆ. ಏನು ನೋಡ್ತೀನೋ ಅದೇ ಇರಲ್ಲ. ಅದರ ಪಕ್ಕದ್ದೆಲ್ಲ ಇರುತ್ತೆ."

"ಎಷ್ಟು ದಿನದಿಂದ ಅಂದೆ."

"ಒಂದು ವರ್ಷ."

"ಡಿಪೋದಲ್ಲಿ ಕಣ್ಣಿನ ಪರೀಕ್ಷೆ ಆಯ್ತಲ್ಲ?"

"ನನ್ನ ಮುಂದೆ ಹತ್ತು ಜನ ನಿಂತಿದ್ರು. ಹತ್ತು ಜನ ಜೋರಾಗಿ ಓದಿದ್ರು. ಹನ್ನೊಂದನೆಯವನಿಗೆ ಬಾಯಿಪಾಠ ಆಗಿತ್ತು." ನಗಲು ನೋಡಿದರು. ನಾನು ನಗಲಿಲ್ಲ.

"ಜನರ ಜೀವ ರೀ ಅದು."

"ರೋಡು ನನಗೆ ಗೊತ್ತಿದೆ. ಯಾವ ಗುಂಡಿ ಎಲ್ಲಿದೆ, ಯಾವ ತಿರುವು ಎಷ್ಟು, ಎಲ್ಲಾ ಕೈಗೆ ಗೊತ್ತು. ಬಸ್ ಓಡಿಸೋಕೆ ಹಾಡಿನ ಹೆಸರು ಓದ್ಬೇಕಾಗಿಲ್ಲ." ದನಿ ಏರಿತು. ಆಮೇಲೆ ಇಳಿಯಿತು. "ನಾಳೆ ನೀನೇ ಬಾ. ನನ್ನ ಹಿಂದಿನ ಸೀಟಲ್ಲಿ ಕೂತ್ಕೋ. ಒಂದೇ ಒಂದು ತಪ್ಪು ಕಂಡ್ರೆ ಹೇಳು, ಕೀ ಕೊಟ್ಟು ಇಳೀತೀನಿ."

ಆಗಲಿ ಅಂದೆ. ಆಗಲಿ ಅನ್ನಬಾರದಿತ್ತು. ಈಗಲೇ ಡಿಪೋಗೆ ಫೋನ್ ಮಾಡಬೇಕಿತ್ತು.

ಫೆಬ್ರವರಿ 21, ಶುಕ್ರವಾರ, ಮಧ್ಯಾಹ್ನ

ಬೆಳಗ್ಗೆ ಏಳೂ ಹತ್ತರ ಟ್ರಿಪ್ಪು. ಹಿಂದಿನ ಸೀಟಿನಲ್ಲಿ ಕೂತೆ. ಕಂಡಕ್ಟರ್ ಉದ್ದಣ್ಣ — ಬಸ್ಸಿನ ಚಾವಣಿಗೆ ತಲೆ ತಾಗುವಷ್ಟು ಎತ್ತರ ಅಂತ ಎಲ್ಲರೂ ಹಾಗೇ ಕರೆಯುವುದು — "ಏನಕ್ಕ, ಇವತ್ತು ಯಜಮಾನರ ಇನ್‌ಸ್ಪೆಕ್ಷನ್ನಾ?" ಅಂದ. ಹೌದು ಅಂದೆ.

ಎಷ್ಟು ಚೆನ್ನಾಗಿ ಓಡಿಸಿದರು. ತುಂಬಿದ ಲೋಟ ಇಟ್ಟಿದ್ದರೂ ತುಳುಕುತ್ತಿರಲಿಲ್ಲ. ಪ್ರತಿ ಸ್ಟಾಪಿನಲ್ಲೂ ಬಾಗಿಲು ಸರಿಯಾಗಿ ಜನರ ಮುಂದೆ. ಒಂಬತ್ತನೇ ಸ್ಟಾಪು ದಾಟಿದಾಗ ನನಗೇ ಅನಿಸಿತು — ನಾನೇ ಅತಿ ಮಾಡುತ್ತಿದ್ದೇನೇನೋ.

ಆಸ್ಪತ್ರೆ ರಸ್ತೆಯ ತಿರುವು. ಮುಂದೆ ಬಿಳಿ ಪಟ್ಟಿ. ಅದರ ನಟ್ಟನಡುವೆ ಒಬ್ಬ ಮುದುಕರು, ಮಡಿಸಿದ ಕೊಡೆ ಊರಿಕೊಂಡು, ನಿಧಾನಕ್ಕೆ. ನೇರ ಎದುರಿಗೆ. ಬಸ್ಸು ನಿಧಾನ ಆಗಲೇ ಇಲ್ಲ. ಈಗ ಆಗುತ್ತದೆ, ಈಗ ಆಗುತ್ತದೆ ಅಂತ ಕಾದೆ.

"ರೀ!"

ಬ್ರೇಕು. ನಿಂತವರೆಲ್ಲ ಮುಂದಕ್ಕೆ ಬಿದ್ದರು. ಯಾರದೋ ಚೀಲದಿಂದ ಈರುಳ್ಳಿ ಉರುಳಿ ಡ್ರೈವರ್ ಸೀಟಿನವರೆಗೆ ಬಂತು. ಮುದುಕರಿಗೂ ಬಂಪರಿಗೂ ನಡುವೆ ಒಂದು ಗೇಣು. ಅವರು ಕೊಡೆಯಿಂದ ಬಂಪರಿಗೆ ಎರಡು ಬಾರಿಸಿ, ಬೈದು, ರಸ್ತೆ ದಾಟಿ ಹೋದರು.

ಇವರು ಸ್ಟೇರಿಂಗು ಬಿಡಲಿಲ್ಲ. ತಿರುಗದೆಯೇ ಮೆಲ್ಲಗೆ ಕೇಳಿದರು:

"ಯಾರಿದ್ರು? ಗಂಡಸಾ, ಹೆಂಗಸಾ?"



ಹ್ಯಾಂಡ್ ಬ್ರೇಕ್ ಎಳೆದರು. ಇಂಜಿನ್ ಆಫ್ ಮಾಡಿದರು. ಕೀ ತೆಗೆದು ಉದ್ದಣ್ಣನ ಕೈಗಿಟ್ಟರು. "ಡಿಪೋಗೆ ಫೋನ್ ಮಾಡು. ಇನ್ನೊಬ್ಬ ಡ್ರೈವರ್ ಕಳಿಸ್ಲಿ. ನನಗೆ ಕಣ್ಣು ಕಾಣ್ತಿಲ್ಲ." ಎದ್ದು ಜನರ ಕಡೆ ತಿರುಗಿ, "ತಪ್ಪಾಯ್ತು, ಎಲ್ಲಾರೂ ಇಳೀರಿ," ಅಂದರು. ಜನ ಗೊಣಗಿಕೊಂಡು ಇಳಿದರು. ಆಫೀಸಿಗೆ ಹೊತ್ತಾಯಿತು ಅಂತ ಒಬ್ಬ ಕೂಗಾಡಿದ. ಉದ್ದಣ್ಣ ಕೀ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದ.

ಇಬ್ಬರೂ ಮನೆಯವರೆಗೆ ನಡೆದು ಬಂದೆವು. ಮೊದಲ ಸಲ ನನ್ನ ತೋಳು ಹಿಡಿದುಕೊಂಡು ನಡೆದರು. ಒಂದೂವರೆ ಗಂಟೆ.

ಸೋಮವಾರದಿಂದ ಇವತ್ತಿನವರೆಗೆ ನಾಲ್ಕು ದಿನ. ನಾನು ಬಾಯಿ ಮುಚ್ಚಿಕೊಂಡಿದ್ದ ದಿನಗಳು. ಆ ಕೊಡೆಯ ಸದ್ದು ಕಿವಿಯಿಂದ ಹೋಗುತ್ತಿಲ್ಲ.

ಮಾರ್ಚ್ 11, ಮಂಗಳವಾರ

ಆಸ್ಪತ್ರೆ, ಡಿಪೋ, ಆಸ್ಪತ್ರೆ. ಪೆನ್ನು ಮುಟ್ಟಲಾಗಲಿಲ್ಲ.

ಕಣ್ಣಿನ ಒಳಪರದೆಯ ನಡುಭಾಗ ಹಾಳಾಗಿದೆಯಂತೆ. ಎರಡೂ ಕಣ್ಣು. ಕಣ್ಣೊಳಗೇ ಇಂಜೆಕ್ಷನ್ ಕೊಟ್ಟರೆ ಇನ್ನಷ್ಟು ಹೋಗದಂತೆ ತಡೆಯಬಹುದು. ಹೋದದ್ದು ಹೋಯಿತು. "ಒಂದ್ವರ್ಷ ಮೊದ್ಲೇ ಬಂದಿದ್ರೆ," ಅಂತ ಶುರು ಮಾಡಿದ ಡಾಕ್ಟರಮ್ಮ ಇವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮೊದಲ ಸೂಜಿ ಆಯಿತು. ನನ್ನ ಕೈ ಹಿಡಿದು ಹಿಚುಕಿಬಿಟ್ಟರು.

ಡಿಪೋದಲ್ಲಿ ಬೇರೆ ಕೆಲಸ ನೋಡುತ್ತೇವೆ, ಅಲ್ಲಿಯವರೆಗೆ ರಜೆ ಅಂದಿದ್ದಾರೆ. ಮ್ಯಾನೇಜರು ಎದ್ದು ನಿಂತು ಕೈ ಕೊಟ್ಟರಂತೆ. "ತಾವಾಗಿ ಬಂದು ಹೇಳಿದವರು ನೀವೇ ಮೊದಲು," ಅಂದರಂತೆ. ಇವರು ಅದನ್ನು ಹೇಳುವಾಗ ನಾಚಿಕೊಂಡರು. ಹೊಗಳಿಕೆಗಲ್ಲ. ಒಂದು ವರ್ಷ ಹೇಳದೇ ಇದ್ದದ್ದಕ್ಕೆ.

ಮಾರ್ಚ್ 16, ಭಾನುವಾರ

ದಿನವಿಡೀ ಕಿಟಕಿ ಪಕ್ಕದ ಕುರ್ಚಿ. ಹಾಡಿಲ್ಲ.

ಪ್ಲೇಯರನ್ನು ಬಟ್ಟೆಯ ಕಪಾಟಿನೊಳಗೆ ಇಟ್ಟುಬಿಟ್ಟಿದ್ದಾರೆ. ನಾನು ಲ್ಯಾಬಿಗೆ ಹೋದರೆ ಶುರು ಮಾಡಿಕೊಡಲು ಯಾರೂ ಇಲ್ಲ. ನಡುವೆ ನಿಂತರೆ ನಿಂತಿತು. ಚಿಗರಿ, "ಮಾತಾಡಿದ್ರೆ ಕೇಳೋ ಫೋನಿದೆಯಲ್ಲಮ್ಮ, ಹಾಡಿನ ಹೆಸರು ಹೇಳಿದ್ರೆ ಸಾಕು," ಅಂದಳು. ತನ್ನ ಫೋನು ಕೊಟ್ಟು ನೋಡಿದಳು. ಇವರು ಅದರ ಮುಂದೆ ಕೂತು ಮೂರು ಸಲ ಹೇಳಿದರು, ಅದು ಮೂರು ಸಲ ಬೇರೇನೋ ಹಚ್ಚಿತು. "ಹಾಡು ಕೇಳೋಕೂ ಒಬ್ಬರ ಹತ್ರ ಅರ್ಜಿ ಹಾಕ್ಬೇಕಾ?" ಅಂದರು.

ಕಪಾಟಿನಿಂದ ಪ್ಲೇಯರ್ ತೆಗೆದು ಕೊಟ್ಟೆ. ಹೆಬ್ಬೆರಳಿನಿಂದ ಗಾಜು ಸವರಿದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

"ನೋಡು, ಎಲ್ಲಾ ಒಂದೇ. ತಣ್ಣಗಿದೆ. ಗುಂಡಿ ಆದ್ರೆ ಬೆರಳಿಗೆ ಉತ್ತರ ಕೊಡ್ತಿತ್ತು ಕಣೇ. ಇಲ್ಲಿದೀನಿ ಅಂತಿತ್ತು. ಒತ್ತಿದ್ರೆ ಹೂಂ ಅಂತಿತ್ತು."

ಮಾರ್ಚ್ 22, ಶನಿವಾರ

ಹಳೇ ಸಾಮಾನಿನ ಅಂಗಡಿಗಳೆಲ್ಲ ಸುತ್ತಿದೆ. ಗುಂಡಿಯ ಪ್ಲೇಯರ್ ಒಂದು ಸಿಕ್ಕಿತು. ಒಳಗಿನ ಬ್ಯಾಟರಿ ಉಬ್ಬಿ ಹೊಟ್ಟೆ ಬಿರಿದಿತ್ತು. ಇನ್ನೊಂದರಲ್ಲಿ ಗುಂಡಿಯೇ ಇಲ್ಲ, ತೂತು ಮಾತ್ರ. ಅಂಗಡಿಯವರು ತಕ್ಕಡಿ, ಟಾರ್ಚು, ಟೈಪ್‌ರೈಟರ್ ಎಲ್ಲ ತೋರಿಸಿದರು.

ಆದರೆ ಆ ತೂತು ನೋಡುತ್ತ ನಿಂತಾಗ ತಲೆಯಲ್ಲಿ ಏನೋ ಹೊಳೆದ ಹಾಗಾಯಿತು. ಸೋಮವಾರ ಮೇಣದಕ್ಕನನ್ನು ಕೇಳಬೇಕು.

ಮಾರ್ಚ್ 24, ಸೋಮವಾರ

ಕೇಳಿದೆ. ಗಾಜಿನ ಮೇಲೆ ಒಂದು ಚೌಕಟ್ಟು ಕೂರಿಸಿದರೆ? ಗುರುತು ಇರುವ ಕಡೆ ಮಾತ್ರ ತೂತು. ಬೆರಳು ಚೌಕಟ್ಟಿನ ಮೇಲೆ ಎಲ್ಲಿ ಬೇಕಾದರೂ ಓಡಾಡಲಿ, ಏನೂ ಆಗುವುದಿಲ್ಲ. ತೂತಿನೊಳಗೆ ಇಳಿದರೆ ಮಾತ್ರ ಗಾಜಿಗೆ ತಾಗುತ್ತದೆ.

ಮೇಣದಕ್ಕ ಪ್ಲೇಯರನ್ನು ಬೆಳಕಿಗೆ ಹಿಡಿದು, ಬಾಯಿ ತೆರೆಸಿ ನೋಡುವ ಡಾಕ್ಟರ ಹಾಗೆ ಪರೀಕ್ಷೆ ಮಾಡಿದಳು. "ಮೇಲಿನ ಸೆಟ್ಟು ಮಾತ್ರ. ಕೆಳಗಿನದು ಬೇಡ," ಅಂದಳು.

ಲ್ಯಾಬಿನ ಯಜಮಾನರ ಒಪ್ಪಿಗೆ ಕೇಳಿದೆವು. ಕೆಲಸ ಮುಗಿದ ಮೇಲೆ ಮಾಡಿಕೊಳ್ಳಿ ಅಂದರು.

ಏಪ್ರಿಲ್ 3, ಗುರುವಾರ

ಮೊದಲನೆಯದು ದಪ್ಪ. ಬೆರಳು ಗಾಜಿಗೆ ಮುಟ್ಟಲಿಲ್ಲ. ಎರಡನೆಯದನ್ನು ಬಿಸಿನೀರಿನಿಂದ ಬೇಗ ತೆಗೆದೆ, ಹಪ್ಪಳದ ಹಾಗೆ ಸೊಟ್ಟಗಾಯಿತು. ಹೊಸಬಳ ಹಾಗೆ ಅವಸರ ಮಾಡಿದೆ.

ಇವತ್ತು ಮೂರನೆಯದು. ಪ್ಲಾಸ್ಟರಿನಲ್ಲಿ ಅಚ್ಚು, ಅದರ ಮೇಲೆ ಮೇಣದಕ್ಕನ ಮೇಣ, ಕಾಗದದಷ್ಟು ಸಮ. ಡಬ್ಬಿಯಲ್ಲಿ ಮುಚ್ಚಿ, ಮೇಣ ಕರಗಿಸಿ, ಗುಲಾಬಿ ಹಿಟ್ಟು ತುಂಬಿ, ಕುದಿಸಿ, ತಣಿಸಿ, ಉಜ್ಜಿ, ಹೊಳಪು. ಇಷ್ಟು ವರ್ಷ ಮಾಡಿದ ಕೆಲಸವೇ. ಆದರೆ ಡಬ್ಬಿ ಬಿಚ್ಚಲು ಮೇಣದಕ್ಕನನ್ನೂ ಪಕ್ಕಕ್ಕೆ ಕರೆದೆ.

ಕೂತಿತು. ಕಟಕ್ ಅಂತ.

ತೂತು ಯಾವುದು ಯಾವುದು ಅಂತ ಬೆರಳಿಗೆ ಗೊತ್ತಾಗಬೇಕಲ್ಲ? ಪಕ್ಕದಲ್ಲಿ ಒಂದೊಂದು ಗುರುತು ಬೇಕು. ಮೇಣದಕ್ಕ ಉಳಿಕೆ ಹಲ್ಲುಗಳ ತಟ್ಟೆ ತಂದು ಮುಂದಿಟ್ಟಳು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗು ತಡೆಯಲಾಗಲಿಲ್ಲ. ಮುಂದಿನ ಹಾಡಿಗೆ ಮುಂದಿನ ಹಲ್ಲು. ಹಿಂದಿನ ಹಾಡಿಗೆ ಹಿಂದಿನ ಹಲ್ಲು, ದವಡೆಯದು. ಶುರು ಮಾಡಲು, ನಿಲ್ಲಿಸಲು ಕೋರೆಹಲ್ಲು.

ಏಪ್ರಿಲ್ 4, ಶುಕ್ರವಾರ

ಕೈಗೆ ಕೊಟ್ಟೆ.

ಹೆಬ್ಬೆರಳು ನಿಧಾನಕ್ಕೆ ಹೋಯಿತು. ಅಂಚು, ಒಂದು ಮೂಲೆ, ಇನ್ನೊಂದು ಮೂಲೆ. ಹಲ್ಲಿನ ಮೇಲೆ ಬಂದು ನಿಂತಿತು. ಮುಖ ಬದಲಾಯಿತು.

"ಇದೇನಿದು... ಹಲ್ಲಾ?"

"ಹೂಂ. ಕೋರೆಹಲ್ಲು. ಪಕ್ಕದ ತೂತಲ್ಲಿ ಬೆರಳಿಡಿ."

ಹಾಡು ಬಂತು.

ನಿಲ್ಲಿಸಿದರು. ಶುರು ಮಾಡಿದರು. ಮುಂದಿನ ಹಲ್ಲು, ಮುಂದಿನ ಹಾಡು. ಹಿಂದಿನ ಹಲ್ಲು. ಮತ್ತೆ ಮುಂದಿನದು. ಒಂದು ಹಾಡನ್ನೂ ಪೂರ್ತಿ ಕೇಳಲಿಲ್ಲ, ಬರೀ ಬದಲಾಯಿಸುತ್ತಲೇ ಇದ್ದರು. ಆಮೇಲೆ ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು.

"ಯಾರದೇ ಹಲ್ಲು?"

"ಯಾರದೂ ಅಲ್ಲ. ನಿಮ್ಮದೇ ಅಂದ್ಕೊಳ್ಳಿ."

"ನಾಳೆ ಇದು ಕಚ್ಚಿದ್ರೆ?"

ಚಿಗರಿಗೆ ಫೋನು ಮಾಡಿ ಇನ್ನು ಮೇಲೆ ಯಾವ ಅಪ್‌ಡೇಟನ್ನೂ ಹಾಕಬೇಡ, ಹಾಕಿದರೆ ಮನೆಗೇ ಬರಬೇಡ ಅಂದೆ. ಏನೋ ಒಂದು ಬೀಗ ಇದೆಯಂತೆ, ಭಾನುವಾರ ಬಂದು ಹಾಕುತ್ತಾಳಂತೆ. ನಾನು ಅಡುಗೆ ಮಾಡುತ್ತಿದ್ದಾಗ ಹಿಂದಿನಿಂದ ಬಂದು ಒಂದು ವೈರು ನನ್ನ ಕಿವಿಗೆ ಸಿಕ್ಕಿಸಿದರು. ಮೊದಲು ಕೆನ್ನೆಗೆ ತಾಗಿತು. ಆಮೇಲೆ ಕಿವಿ ಸಿಕ್ಕಿತು.

ಏಪ್ರಿಲ್ 19, ಶನಿವಾರ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಕಾಯುವಾಗ ಪಕ್ಕದ ಹೆಂಗಸು, ನಿವೃತ್ತ ಟೀಚರು, ಅದನ್ನು ಮುಟ್ಟಿ ನೋಡಿ ನನಗೂ ಒಂದು ಬೇಕು ಅಂದರಂತೆ. "ಅವರಿಗೆ ಹಲ್ಲು ಬೇಡ್ವಂತೆ, ಹೆದರಿಕೆಯಂತೆ. ಮಣಿ ಹಾಕಿಕೊಡು," ಅಂದರು ಇವರು. ಆರ್ಡರು ತೆಗೆದುಕೊಂಡೇ ಬಂದಿದ್ದಾರೆ ಮಹಾರಾಯರು.

ಡಿಪೋದಿಂದ ಕಾಗದವೂ ಬಂತು. ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಕೋಣೆ. ಅರವತ್ತೆರಡು ರೂಟುಗಳ ಟೈಮು ಇವರಿಗೆ ಬಾಯಿಪಾಠ. ಯಾವ ಬಸ್ಸು ಬಂತು ಅಂತ ಕಂಡಕ್ಟರುಗಳು ಕೂಗಿ ಹೇಳುತ್ತಾರೆ. ಇವರು ಮೈಕು ಒತ್ತಿ ಹೇಳಿದರಾಯಿತು. ಉದ್ದಣ್ಣನೇ ಓಡಾಡಿ ಮಾಡಿಸಿದನಂತೆ. ಸೋಮವಾರದಿಂದ.

ಖುಷಿಯೋ ಅಂತ ಕೇಳಿದೆ. "ಬಸ್ ಸದ್ದು ಕೇಳ್ಕೊಂಡು ಕೂತಿರೋದು ಕಷ್ಟ," ಅಂದರು. "ಕೇಳದೇ ಇರೋದು ಇನ್ನೂ ಕಷ್ಟ."

ಮೇ 10, ಶನಿವಾರ, ಸಂಜೆ

ಕಣ್ಣಾಸ್ಪತ್ರೆಯಲ್ಲಿ ತರಬೇತಿ ಕೊಡುವ ಒಬ್ಬಳು ಹುಡುಗಿ ಇದ್ದಾಳೆ. ಮೂರು ವಾರದಿಂದ ಇವರಿಗೆ ಒಂದೇ ಪಾಠ. ನೋಡಬೇಕಾದ್ದನ್ನು ನೋಡಬೇಡಿ, ಅದರ ಪಕ್ಕ ನೋಡಿ. ನಡುವೆ ಹಾಳಾಗಿದೆ, ಅಂಚು ಚೆನ್ನಾಗಿದೆ, ಅಂಚಿನಿಂದ ನೋಡುವುದನ್ನು ಕಲಿಯಿರಿ. ಇವರು ಮನೆಯಲ್ಲಿ ಗಡಿಯಾರದ ಪಕ್ಕದ ಗೋಡೆ ನೋಡುತ್ತ ಕೂರುತ್ತಿದ್ದರು. ಬಾಗಿಲ ಚಿಲಕದ ಪಕ್ಕ. ಟೀ ಲೋಟದ ಪಕ್ಕ. "ಸಿಗ್ತಿಲ್ಲ, ಜಾರ್ಕೊಳುತ್ತೆ," ಅನ್ನುತ್ತಿದ್ದರು. ನಾನು ಒತ್ತಾಯ ಮಾಡಲಿಲ್ಲ.

ಇವತ್ತು ವರಾಂಡದಲ್ಲಿ ಕೂತು ಇದನ್ನು ಬರೆಯಲು ಪುಸ್ತಕ ತೆಗೆದೆ. ಎದುರು ಕುರ್ಚಿಯಲ್ಲಿ ಇವರು. ಬಹಳ ಹೊತ್ತಿನಿಂದ ನನ್ನ ಎಡಗಿವಿಯನ್ನೇ ನೋಡುತ್ತಿದ್ದಾರೆ ಅನಿಸಿತು. ಕಿವಿಯಲ್ಲಿ ಏನಾದರೂ ಇದೆಯೇ ಅಂತ ಮುಟ್ಟಿಕೊಂಡೆ.

"ಅಲ್ಲಾಡ್ಬೇಡ," ಅಂದರು.

ಅಲ್ಲಾಡಲಿಲ್ಲ.

"ನಿನಗೆ ಇ‌ಷ್ಟೊಂದು ಬಿಳಿ ಕೂದ್ಲು ಯಾವಾಗ ಬಂತೇ?"

ಒಂದು ವರ್ಷದ ಮೇಲಾಯಿತು ಇವರು ನನ್ನ ಮುಖ ನೋಡಿ. ಅಷ್ಟೂ ದಿನ ನನಗೆ ಗೊತ್ತೇ ಆಗಿರಲಿಲ್ಲ. ಬಣ್ಣ ಹಚ್ಚುವುದನ್ನು ಬಿಟ್ಟದ್ದು, ಹುಬ್ಬಿನ ಮೇಲೆ ಬಿಸಿನೀರು ಸಿಡಿದ ಕಲೆ, ಯಾವುದನ್ನೂ ಕೇಳಿರಲಿಲ್ಲ ಅಂತ ಈಗ ಹೊಳೆಯುತ್ತಿದೆ. ಈಗ ಒಂದೊಂದೇ ಕೇಳುತ್ತಿದ್ದಾರೆ. ಇದು ಯಾವಾಗ ಆಯ್ತು? ಇಲ್ಲಿ ಏನು? ಯಾಕೆ ಸೊರಗಿದ್ದೀಯ? ಕಣ್ಣು ನನ್ನ ಕಿವಿಯ ಮೇಲೇ. ನಾನು ಅಳುತ್ತಿರುವುದೂ ಕಾಣುತ್ತಿದೆಯಂತೆ, ಸ್ವಲ್ಪ ಮಸುಕಾಗಿ.

ಬರೆದದ್ದು ಸಾಕು, ತಲೆ ಎತ್ತು, ಮುಖ ಮತ್ತೆ ತಪ್ಪಿಹೋಗುತ್ತೆ ಅನ್ನುತ್ತಿದ್ದಾರೆ. ಈ ಸಾಲು ಮುಗಿಸಿ ಎತ್ತುತ್ತೇ